ಬಗ್ ರಾಶಿ ಹಸನು ಮಾಡಲು ಕನ್ನಡ ಬಲ್ಲವರು ಬೇಕಾಗಿದ್ದಾರೆ

ರ‍್ಯಾಂಕ್, ರ‍್ಯಾಲಿ ಎಂಬ ಪದಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದವರಿಗೆ ಈ ಪೇಚಾಟ ಗೊತ್ತು. ರ ತನ್ನ ಜಾಗದಲ್ಲೇ ನಿಂತು ಅದಕ್ಕೆ ಯ ಒತ್ತು ಬರಬೇಕು. ಸುಮ್ಮನೆ ರ, ಹಲಂತ, ಯ ಒತ್ತಿದರೆ ಯ ಮುಂದೆ ಬಂದು, ರ ಅರ್ಕಾವತ್ತಾಗಿ ಅದರ ಬಾಲ ಹಿಡಿಯುತ್ತದೆ. ಇದನ್ನು ತಪ್ಪಿಸಲು ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಸೇರಿಸಬೇಕು. ಯೂನಿಕೋಡ್ ನಿಯಮದ ಪ್ರಕಾರ ಅದು ರ ಆದ ಮೇಲೆ, ಹಲಂತಕ್ಕೆ ಮೊದಲು ಬರಬೇಕು. ಆದರೆ ಹಳೆಯ ರೂಢಿಯಲ್ಲಿ ಟೈಪ್ ಮಾಡಿದ ಪಠ್ಯಗಳಲ್ಲಿ ಅದು ಹಲಂತದ ನಂತರ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ ಪದ, ಯಂತ್ರಕ್ಕೆ ಮಾತ್ರ ಬೇರೆ ಬೇರೆ.

ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅಕ್ಷರಗಳನ್ನು ಜೋಡಿಸಲು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ನಂಬಿಕೊಂಡಿವೆ. ಅದರ ಭಾರತೀಯ ಲಿಪಿಗಳ ಭಾಗದ ಕೋಡ್ ತೆರೆದರೆ ಕನ್ನಡದ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಸಿಗುತ್ತದೆ: ಹಳೆಯ ಬಳಕೆಗೆ ಹೊಂದಿಕೊಳ್ಳಲು ಎರಡನೆಯ ಕ್ರಮವೂ ಮೊದಲನೆಯದರಂತೆಯೇ ನಡೆಯಬೇಕು ಎಂದು. ಪಕ್ಕದಲ್ಲೇ 435ನೇ ಸಂಖ್ಯೆಯ ದೋಷ ವರದಿಗೆ ಕೊಂಡಿ ಇದೆ. ಯಾರೋ ಕಂಡು ಬರೆದರು, ಅದು ನಿಜವೆಂದು ಖಾತ್ರಿಯಾಯಿತು, ಕೋಡ್ ಬದಲಾಯಿತು. ಈಗ ಕನ್ನಡಿಗರ ಕೋಟ್ಯಂತರ ಫೋನುಗಳಲ್ಲಿ ಆ ಕೆಲವು ಸಾಲುಗಳು ಕೆಲಸ ಮಾಡುತ್ತಿವೆ.

ಈ ಲೇಖನ ಇಂಥ ದೋಷ (ಬಗ್) ವರದಿಗಳ ರಾಶಿಯನ್ನು ಹಸನು ಮಾಡುವ ಕೆಲಸದ ಬಗ್ಗೆ. ತಂತ್ರಾಂಶದವರು ಇದನ್ನು ಟ್ರಯಾಜ್ ಎನ್ನುತ್ತಾರೆ. ಜೊಳ್ಳನ್ನು ಬೇರೆ ಮಾಡಿ, ಕಾಳನ್ನು ಕೋಡ್ ಬರೆಯುವವರ ಮುಂದಿಡುವುದು ಈ ಕೆಲಸದ ತಿರುಳು. ಇದಕ್ಕೆ ಕೋಡಿಂಗ್ ಬರಲೇಬೇಕೆಂದಿಲ್ಲ. ಒಬ್ಬರು ಬರೆದ ತೊಂದರೆಯನ್ನು ತಾಳ್ಮೆಯಿಂದ ಓದಿ, ತನ್ನ ಯಂತ್ರದಲ್ಲಿ ಅದನ್ನೇ ಮಾಡಿ ನೋಡಿ, ಕಂಡದ್ದನ್ನು ಕಂಡಂತೆ ಬರೆಯಲು ಬಂದರೆ ಸಾಕು. ಯೂರೋಪಿನಲ್ಲೋ ಅಮೆರಿಕದಲ್ಲೋ ಕೂತ ಕೋಡ್ ನಿರ್ವಾಹಕ, ಅಂದರೆ ಮೇಂಟೇನರ್, ಎಷ್ಟೇ ಜಾಣನಾಗಿದ್ದರೂ ಪರದೆಯ ಮೇಲಿನ ಕನ್ನಡ ಸರಿಯಿದೆಯೋ ಕೆಟ್ಟಿದೆಯೋ ಎಂದು ನೋಡಿ ಹೇಳಲಾರ. ಅಲ್ಲಿ ನಿಮ್ಮ ಎರಡನೇ ತರಗತಿಯ ಕಾಗುಣಿತಕ್ಕೆ ಇರುವ ಬೆಲೆ ಅವನ ಇಪ್ಪತ್ತು ವರ್ಷದ ಪ್ರೋಗ್ರಾಮಿಂಗ್ ಅನುಭವಕ್ಕಿಲ್ಲ.

ಬೆಂಗಳೂರಿನ ದಂಡು ಪ್ರದೇಶ ಮತ್ತು ಪೂರ್ವ ಭಾಗದವರಿಗೆ ಇನ್ನೊಂದು ಅನುಕೂಲವಿದೆ. ಶಿವಾಜಿನಗರದಲ್ಲಿ ನಾಲ್ಕು ಹೆಜ್ಜೆ ನಡೆದರೆ ಕನ್ನಡ, ಉರ್ದು, ತಮಿಳು, ಇಂಗ್ಲಿಷ್ ಫಲಕಗಳು ಒಂದರ ಪಕ್ಕ ಒಂದು ಕಾಣುತ್ತವೆ. ಹಲಸೂರಿನಲ್ಲಿ ಪಕ್ಕದ ಮನೆಯವರು ತಮಿಳು ಓದುತ್ತಾರೆ. ಬಲದಿಂದ ಎಡಕ್ಕೆ ಹರಿಯುವ ಉರ್ದು ಸಾಲಿನ ನಡುವೆ ಕನ್ನಡ ಪದವೊಂದನ್ನು ಸೇರಿಸಿದಾಗ ಕರ್ಸರ್ ಎಲ್ಲಿಗೆ ಜಿಗಿಯುತ್ತದೆ ಎಂಬಂಥ ದೋಷವನ್ನು ಪರೀಕ್ಷಿಸಲು ಜಗತ್ತಿನಲ್ಲಿ ಹೆಚ್ಚು ಜನ ಸಿಗುವುದಿಲ್ಲ. ಇಲ್ಲಿ ಒಂದೇ ಕಟ್ಟಡದಲ್ಲಿ ಸಿಗುತ್ತಾರೆ.

ಮುಕ್ತ ತಂತ್ರಾಂಶ ಈ ಊರಿಗೆ ಹೊಸದೂ ಅಲ್ಲ. 2001ರಲ್ಲಿ 'ಲಿನಕ್ಸ್ ಬ್ಯಾಂಗಲೋರ್' ಸಮ್ಮೇಳನ ಇಲ್ಲೇ ಶುರುವಾಯಿತು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂಬ ಹೆಸರು ಹೊತ್ತು ಬೆಂಗಳೂರು ಅರಮನೆಯ ಆವರಣದಲ್ಲಿ ನಡೆಯಿತು. ಅದರ ಹಿಂದಿದ್ದ ಅತುಲ್ ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಭಾರತೀಯರು ಮುಕ್ತ ತಂತ್ರಾಂಶವನ್ನು ಬಳಸುವುದರಲ್ಲಿ ಮುಂದು, ಅದಕ್ಕೆ ಮರಳಿ ಕೊಡುವುದರಲ್ಲಿ ಹಿಂದು ಎಂಬುದು ಅವರು ಬಿಡದೆ ಎತ್ತುತ್ತಿದ್ದ ತಕರಾರು. ಇಂದಿರಾನಗರದ ಗಾಜಿನ ಕಚೇರಿಗಳನ್ನು ನೋಡುವಾಗ ಆ ತಕರಾರು ಪೂರ್ತಿ ಹಳತಾಗಿದೆ ಎಂದು ನನಗನ್ನಿಸುವುದಿಲ್ಲ. ಅಲ್ಲಿನ ಬಹುತೇಕ ಸರ್ವರುಗಳು ಲಿನಕ್ಸ್ ಮೇಲೆಯೇ ಓಡುತ್ತವೆ. ಅವುಗಳ ದೋಷ ವರದಿಗಳನ್ನು ಓದಲು ವಾರಕ್ಕೊಂದು ಗಂಟೆ ಕೊಡುವವರು ಅಪರೂಪ. 2020ರಲ್ಲಿ ಆರಂಭವಾದ ಫಾಸ್ ಯುನೈಟೆಡ್ ಪ್ರತಿಷ್ಠಾನದ ಬೆಂಗಳೂರಿನ ಕೂಟಗಳಲ್ಲಿ ಅಂಥವರ ಪರಿಚಯವಾಗುತ್ತದೆ. ಒಬ್ಬರೇ ಶುರು ಮಾಡಲು ಹಿಂಜರಿಯುವವರಿಗೆ ಅದು ಒಳ್ಳೆಯ ಬಾಗಿಲು.

ಯಾವ ತಂತ್ರಾಂಶದಿಂದ ಶುರು ಮಾಡಬೇಕು? ದಿನವೂ ಬಳಸುವುದರಿಂದ. ಬಳಸದ ತಂತ್ರಾಂಶದ ದೋಷ ಹುಡುಕಲು ಹೊರಟರೆ ಎರಡು ವಾರಕ್ಕೇ ಬೇಸರ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಮೊದಲ ಹೆಸರು ಲಿಬ್ರೆಆಫೀಸ್. ಪತ್ರ ಬರೆಯುವವರು, ಲೆಕ್ಕ ಇಡುವವರು ಯಾರಿಗಾದರೂ ಅರ್ಥವಾಗುವ ತಂತ್ರಾಂಶ, ಮೆನುಗಳೂ ಕನ್ನಡದಲ್ಲಿ ಸಿಗುತ್ತವೆ. ಹೊಸಬರನ್ನು ಕೈಹಿಡಿದು ನಡೆಸುವ ಗುಣಮಟ್ಟ ತಂಡವೂ ಇದೆ.

ಅದರ ದೋಷ ವರದಿಗಳು ಬಗ್‌ಜಿಲ್ಲಾ ಎಂಬ ವ್ಯವಸ್ಥೆಯಲ್ಲಿ ಕೂಡಿರುತ್ತವೆ. ಮೊಜಿಲ್ಲಾದವರು 1998ರಲ್ಲಿ ಹೊರಬಿಟ್ಟ ಈ ವ್ಯವಸ್ಥೆ ನೋಡಲು ಹಳೆಯ ಕಾಲದ ಸರ್ಕಾರಿ ಅರ್ಜಿಯಂತಿದೆ, ಹೆದರಬೇಡಿ. ಹೊಸ ವರದಿ ಬಂದಾಗ ಅದರ ಸ್ಥಿತಿ 'ಅನ್‌ಕನ್ಫರ್ಮ್ಡ್'. ಬರೆದವರನ್ನು ಬಿಟ್ಟು ಬೇರೊಬ್ಬರು ಅದನ್ನು ತಮ್ಮ ಯಂತ್ರದಲ್ಲಿ ಕಂಡರೆ ಅದು 'ನ್ಯೂ' ಆಗುತ್ತದೆ. ವಿವರ ಸಾಲದಿದ್ದರೆ 'ನೀಡ್‌ಇನ್ಫೋ'. ಹಿಂದೆ ಇದ್ದ ದೋಷ ಈಗಿನ ಆವೃತ್ತಿಯಲ್ಲಿ ಕಾಣದಿದ್ದರೆ, ಯಾವ ತಿದ್ದುಪಡಿಯಿಂದ ಸರಿಹೋಯಿತೆಂದು ಗೊತ್ತಿಲ್ಲದಿದ್ದರೆ, 'ವರ್ಕ್ಸ್‌ಫಾರ್‌ಮಿ'. ತಾನು ಬರೆದ ವರದಿಯನ್ನು ತಾನೇ ಖಾತ್ರಿ ಮಾಡುವಂತಿಲ್ಲ ಎಂಬ ನಿಯಮವೇ ಈ ವ್ಯವಸ್ಥೆಯ ಜೀವ. ಎರಡನೆಯ ಜೋಡಿ ಕಣ್ಣು ಬೇಕೇ ಬೇಕು, ಆ ಕಣ್ಣು ನಿಮ್ಮದು.

ಹುಡುಕಾಟದಲ್ಲಿ 'ಅನ್‌ಕನ್ಫರ್ಮ್ಡ್' ಆಯ್ದು, ಬರಹದ ರೈಟರ್ ಅಥವಾ ಲೆಕ್ಕದ ಕ್ಯಾಲ್ಕ್‌ಗೆ ಸೇರಿದ, ಮಾದರಿ ಕಡತ ಲಗತ್ತಿಸಿದ ಒಂದು ವರದಿಯನ್ನು ತೆರೆಯಿರಿ. ಮೊದಲು ಪೂರ್ತಿ ಓದಿ, ಕೆಳಗಿನ ಟಿಪ್ಪಣಿಗಳನ್ನೂ ಬಿಡಬೇಡಿ. ಎಷ್ಟೋ ಸಲ ಉತ್ತರ ಐದನೇ ಟಿಪ್ಪಣಿಯಲ್ಲಿ ಯಾರ ಕಣ್ಣಿಗೂ ಬೀಳದೆ ಬಿದ್ದಿರುತ್ತದೆ. ಆಮೇಲೆ ಕಡತವನ್ನು ಇಳಿಸಿಕೊಂಡು, ಬರೆದ ಹೆಜ್ಜೆಗಳನ್ನು ಅದೇ ಕ್ರಮದಲ್ಲಿ ಮಾಡಿ. ಹೊಸ ಆವೃತ್ತಿ ನಿಮ್ಮಲ್ಲಿರಬೇಕು. ಲಿಬ್ರೆಆಫೀಸ್ ವರ್ಷಕ್ಕೆ ಎರಡು ದೊಡ್ಡ ಬಿಡುಗಡೆ ಮಾಡುತ್ತದೆ, ಪರೀಕ್ಷೆಗೆಂದೇ ದಿನದಿನದ ಪ್ರತಿಗಳನ್ನೂ ಕೊಡುತ್ತದೆ. ದಿನನಿತ್ಯದ ಕೆಲಸದ ಪ್ರತಿಗೆ ಧಕ್ಕೆಯಾಗದಂತೆ ಅವನ್ನು ಪಕ್ಕದಲ್ಲೇ ಬೇರೆಯಾಗಿ ಇಟ್ಟುಕೊಳ್ಳಬಹುದು.

ದೋಷ ಕಂಡರೆ 'ಹೆಲ್ಪ್' ಮೆನುವಿನ 'ಅಬೌಟ್' ತೆರೆದು ಆವೃತ್ತಿಯ ಪೂರ್ಣ ವಿವರವನ್ನು ನಕಲಿಸಿ ಟಿಪ್ಪಣಿಯಲ್ಲಿ ಅಂಟಿಸಿ. ಕಾಣದಿದ್ದರೂ ಅಷ್ಟೇ ಶ್ರದ್ಧೆಯಿಂದ ಬರೆಯಿರಿ, ಅದು ಕಡಿಮೆ ಸುದ್ದಿಯಲ್ಲ. ನಿಮ್ಮಲ್ಲಿ ಕಾಣದೆ ಅವರಲ್ಲಿ ಮಾತ್ರ ಕಂಡರೆ, 'ಸೇಫ್ ಮೋಡ್'ನಲ್ಲಿ ಶುರು ಮಾಡಿ ನೋಡಲು ಅವರಿಗೆ ಹೇಳಿ. ಆಗಲೂ ಕಂಡರೆ ತಂತ್ರಾಂಶದ್ದೇ ಇರಬೇಕು, ಇಲ್ಲದಿದ್ದರೆ ಅವರ ಹಳೆಯ ಸೆಟ್ಟಿಂಗಿನ ತಂಟೆ.

ಲಗತ್ತುಗಳ ಬಗ್ಗೆ ಎರಡು ಎಚ್ಚರ. ಅಪರಿಚಿತರ ಕಡತದಲ್ಲಿ ಮ್ಯಾಕ್ರೊ ಇದ್ದರೆ ಓಡಲು ಬಿಡಬೇಡಿ. ಪರೀಕ್ಷೆಗೆಂದು ಕಂಪ್ಯೂಟರಿನಲ್ಲಿ ಬೇರೆ ಬಳಕೆದಾರ ಖಾತೆ ಅಥವಾ ವರ್ಚುವಲ್ ಮಷೀನ್ ಇಟ್ಟುಕೊಳ್ಳಿ. ಎರಡನೆಯದು ನಮ್ಮೂರಿಗೆ ಹೆಚ್ಚು ಅನ್ವಯ: ಜನ ಸಂಬಳದ ಪಟ್ಟಿ, ಆಧಾರ್ ಸಂಖ್ಯೆ, ಬಾಡಿಗೆ ಕರಾರುಗಳನ್ನು ಹಾಗೆಹಾಗೆಯೇ ಲಗತ್ತಿಸಿಬಿಡುತ್ತಾರೆ. ಆ ಕಡತವನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಂಡ ಕೂಡಲೇ ವ್ಯವಸ್ಥೆಯ ನಿರ್ವಾಹಕರಿಗೆ ತಿಳಿಸಿ ತೆಗೆಸಿ, ಖಾಸಗಿ ವಿವರ ಅಳಿಸಿದ ಮಾದರಿ ಕೊಡುವಂತೆ ಬರೆದವರನ್ನು ಕೇಳಿಕೊಳ್ಳಿ. ಅವರಿಗೆ ಅದು ಹೊಳೆದಿರುವುದಿಲ್ಲ.

ಇನ್ನು ಕನ್ನಡದ ದೋಷಗಳು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ 'ಕನ್ನಡ ಸರಿಯಾಗಿ ಕಾಣುತ್ತಿಲ್ಲ' ಎಂಬ ಒಂದೇ ಸಾಲಿನ ವರದಿಗಿಂತ ನಿರುಪಯೋಗಿ ವರದಿ ಇನ್ನೊಂದಿಲ್ಲ. ತಪ್ಪು ನಾಲ್ಕು ಕಡೆ ಇರಬಹುದು: ಫಾಂಟಿನಲ್ಲಿ, ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ಪದರದಲ್ಲಿ, ತಂತ್ರಾಂಶದಲ್ಲಿ, ಇಲ್ಲವೇ ಟೈಪ್ ಮಾಡಿದ ಪಠ್ಯದಲ್ಲೇ. ನಾಲ್ಕಕ್ಕೂ ಬೇರೆ ಬೇರೆ ತಂಡಗಳು, ಬೇರೆ ಬೇರೆ ವಿಳಾಸಗಳು. ತಪ್ಪು ವಿಳಾಸಕ್ಕೆ ಹೋದ ವರದಿ ವರ್ಷಗಟ್ಟಲೆ ಕೊಳೆಯುತ್ತದೆ.

ಬೇರ್ಪಡಿಸುವುದು ಕಷ್ಟವಲ್ಲ. ತೊಂದರೆಯ ಪದವನ್ನು ಮಾತ್ರ ಒಂದು ಖಾಲಿ ಕಡತಕ್ಕೆ ನಕಲಿಸಿ. ಫಾಂಟ್ ಬದಲಿಸಿ ನೋಡಿ: ನೋಟೊ ಸ್ಯಾನ್ಸ್ ಕನ್ನಡದಲ್ಲಿ ಕೆಟ್ಟು ಲೋಹಿತ್ ಕನ್ನಡದಲ್ಲಿಯೂ ಗುಬ್ಬಿಯಲ್ಲಿಯೂ ಸರಿಯಿದ್ದರೆ ಅನುಮಾನ ಫಾಂಟಿನ ಮೇಲೆ. ನೋಟೊ ಕನ್ನಡ ಫಾಂಟುಗಳಿಗೆ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಪ್ರತ್ಯೇಕ ಜಾಗವೇ ಇದೆ. ಎಲ್ಲ ಫಾಂಟಿನಲ್ಲೂ ಕೆಟ್ಟರೆ, ಅದೇ ಪದವನ್ನು ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ತೆರೆಯಿರಿ. ಅಲ್ಲಿ ಸರಿಯಿದ್ದರೆ ನೀವು ಮೊದಲು ಬಳಸಿದ ತಂತ್ರಾಂಶದ ತಪ್ಪು. ಅಲ್ಲಿಯೂ ಕೆಟ್ಟು, ಹಾರ್ಫ್‌ಬಜ್ ಬಳಸದ ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಸರಿಯಿದ್ದರೆ ಜೋಡಣೆಯ ಪದರದ ಕಡೆ ಬೆರಳು ತೋರಿಸಬಹುದು. ಹಾರ್ಫ್‌ಬಜ್ ಜೊತೆಗೆ ಬರುವ ಎಚ್‌ಬಿ-ವ್ಯೂ ಎಂಬ ಸಣ್ಣ ಸಾಧನ ಫಾಂಟು ಮತ್ತು ಪದ ಕೊಟ್ಟರೆ ಚಿತ್ರವನ್ನೇ ತೆಗೆದುಕೊಡುತ್ತದೆ. ಅದನ್ನು ಲಗತ್ತಿಸಿದರೆ ಮೇಂಟೇನರಿಗೆ ಅರ್ಧ ಕೆಲಸ ಮುಗಿದಂತೆ.

ಪಠ್ಯದ್ದೇ ತಪ್ಪು ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕಿತ್ತು ಎಂದು ಆಮೇಲೆ ಅನ್ನಿಸುವುದುಂಟು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಹಾಕಿದ ಪದಗಳು ಧಾರಾಳವಾಗಿವೆ. ಕಣ್ಣಿಗೆ ಬೆಂಗಳೂರೇ, ಆದರೆ ಹುಡುಕಿದರೆ ಸಿಗುವುದಿಲ್ಲ. ಇದು ತಂತ್ರಾಂಶದ ದೋಷವಲ್ಲ, ಹಾಗೆಂದು ನಯವಾಗಿ ಬರೆದು ಮುಚ್ಚಬಹುದು. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಕೊ, ಕೋ, ಕೀ ಮುಂತಾದವುಗಳ ಸ್ವರ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಮೂರು ತುಂಡುಗಳಾಗಿಯೂ ಬರೆಯಬಹುದು. ನಿಯಮದ ಪ್ರಕಾರ ಎರಡೂ ಸಮಾನ. ಒಂದು ರೂಪದಲ್ಲಿ ಹುಡುಕಿದರೆ ಇನ್ನೊಂದು ಸಿಗದ ತಂತ್ರಾಂಶದಲ್ಲಿ ಮಾತ್ರ ನಿಜವಾದ ದೋಷವಿದೆ. ಮೇಲ್ನೋಟಕ್ಕೆ ಒಂದೇ ಥರದ ಈ ಎರಡು ದೂರುಗಳಲ್ಲಿ ಒಂದು ಜೊಳ್ಳು, ಇನ್ನೊಂದು ಗಟ್ಟಿ ಕಾಳು. ವ್ಯತ್ಯಾಸ ಹೇಳಬಲ್ಲವರು ಕನ್ನಡ ಓದಬಲ್ಲವರು ಮಾತ್ರ.

ಪಿಡಿಎಫ್‌ನಿಂದ ನಕಲಿಸಿದ ಕನ್ನಡ ಚೆಲ್ಲಾಪಿಲ್ಲಿಯಾಗುವುದು, ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಹತ್ತುವುದು, ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ಒತ್ತಕ್ಷರ ಹಾರಿಹೋಗುವುದು, ಟೆಸರಾಕ್ಟ್ ಓಸಿಆರ್ ಹಳೆಯ ಮುದ್ರಣದ ಅಕ್ಷರಗಳನ್ನು ತಪ್ಪಾಗಿ ಓದುವುದು: ಹುಡುಕಿದಷ್ಟೂ ಇಂಥವು ಸಿಗುತ್ತವೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವವರು ವಿಕಿಮೀಡಿಯದ ಫ್ಯಾಬ್ರಿಕೇಟರ್‌ನಲ್ಲಿ ಅದೇ ಖಾತೆಯಿಂದ ಒಳಹೋಗಬಹುದು. ಅಲ್ಲಿ ಹೊಸ ವರದಿಗಳು 'ನೀಡ್ಸ್ ಟ್ರಯಾಜ್' ಎಂಬ ಪಟ್ಟಿ ಹಚ್ಚಿಕೊಂಡು ಕಾಯುತ್ತಿರುತ್ತವೆ.

ಟಿಪ್ಪಣಿ ಬರೆಯುವುದು ಇಂಗ್ಲಿಷಿನಲ್ಲೇ ಆಗಬೇಕು, ಆದರೆ ಅಲಂಕಾರದ ಇಂಗ್ಲಿಷ್ ಬೇಡ. ನಾನು ಇದನ್ನು ಮಾಡಿದೆ, ಇದನ್ನು ನಿರೀಕ್ಷಿಸಿದೆ, ಇದಾಯಿತು. ನನ್ನ ಆವೃತ್ತಿ ಇದು, ಯಂತ್ರ ಇದು. ಕನ್ನಡದ ದೋಷವಾದರೆ ಎರಡು ಚಿತ್ರ ಹಾಕಿ, ಒಂದರಲ್ಲಿ ಕೆಟ್ಟದ್ದು, ಇನ್ನೊಂದರಲ್ಲಿ ಹೇಗಿರಬೇಕೋ ಅದು. ಕೆಟ್ಟ ಜಾಗಕ್ಕೆ ಗುರುತು ಹಾಕದಿದ್ದರೆ ಓದು ಬಾರದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಪದವನ್ನು ಪಠ್ಯವಾಗಿಯೂ ಕೊಡಿ, ಚಿತ್ರದಿಂದ ನಕಲಿಸಲು ಬರುವುದಿಲ್ಲ. 'ನನಗೂ ಹೀಗೇ ಆಗುತ್ತಿದೆ', 'ಯಾವಾಗ ಸರಿಮಾಡುತ್ತೀರಿ' ಎಂಬ ಸಾಲುಗಳಿಂದ ನೂರಾರು ಜನರಿಗೆ ಮಿಂಚಂಚೆ ಹೋಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ.

ಮೊದಲೇ ದಾಖಲಾದ ದೋಷ ಮತ್ತೆ ಬಂದಿದ್ದರೆ ಎರಡನ್ನೂ ಜೋಡಿಸಿ 'ಡೂಪ್ಲಿಕೇಟ್' ಎಂದು ಗುರುತಿಸುವುದು ಬೇಸರದ ಕೆಲಸ, ಆದರೆ ಎಲ್ಲಕ್ಕಿಂತ ಹೆಚ್ಚು ಸಮಯ ಉಳಿಸುವುದು ಅದೇ. ಹಳೆಯದನ್ನೇ ಉಳಿಸಬೇಕೆಂದಿಲ್ಲ, ವಿವರ ಚೆನ್ನಾಗಿರುವುದನ್ನು ಉಳಿಸಿ.

ಸ್ವಲ್ಪ ಪಳಗಿದ ಮೇಲೆ ದೋಷ ಹುಟ್ಟಿದ ದಿನವನ್ನೇ ಹಿಡಿಯಬಹುದು. ಹಿಂದಿನ ಆವೃತ್ತಿಯಲ್ಲಿ ಸರಿಯಿತ್ತು, ಈಗ ಕೆಟ್ಟಿದೆ ಎಂದಾದರೆ ನಡುವಿನ ಸಾವಿರ ಬದಲಾವಣೆಗಳ ಮಧ್ಯದ್ದನ್ನು ಪರೀಕ್ಷಿಸಿ. ಅಲ್ಲಿ ಸರಿಯಿದ್ದರೆ ಮುಂದಿನ ಅರ್ಧ, ಕೆಟ್ಟಿದ್ದರೆ ಹಿಂದಿನ ಅರ್ಧ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹತ್ತು ಪರೀಕ್ಷೆಯಲ್ಲಿ ತಪ್ಪಿತಸ್ಥ ಸಿಕ್ಕಿಬೀಳುತ್ತಾನೆ. ಫೈರ್‌ಫಾಕ್ಸ್‌ಗೆ ಮೊಜ್‌ರಿಗ್ರೆಷನ್ ಎಂಬ ಸಾಧನ ಈ ಪ್ರತಿಗಳನ್ನು ತಾನೇ ಇಳಿಸಿ ತೆರೆದು, ಸರಿಯೋ ಕೆಟ್ಟಿದೆಯೋ ಎಂದಷ್ಟೇ ಕೇಳುತ್ತದೆ. ಲಿಬ್ರೆಆಫೀಸ್‌ನಲ್ಲಿ ಇದಕ್ಕೆ ಬಿಬಿಸೆಕ್ಟ್ ಎನ್ನುತ್ತಾರೆ. ಅದಕ್ಕೆ ಡಿಸ್ಕಿನಲ್ಲಿ ಧಾರಾಳ ಜಾಗ ಬೇಕು. ಕೋಡಿನ ಒಂದಕ್ಷರ ಓದದೆ ಕೋಡಿನ ಸಾಲಿನ ತನಕ ತಲುಪಿಸುವ ಈ ದಾರಿ ನನಗಂತೂ ತುಂಬ ಇಷ್ಟ.

ಅಧಿಕಾರ ಎಲ್ಲ ಕಡೆ ಒಂದೇ ಥರ ಸಿಗುವುದಿಲ್ಲ. ಗಿಟ್‌ಹಬ್‌ನಲ್ಲಿ ಹೊರಗಿನವರು ವರದಿ, ಟಿಪ್ಪಣಿ ಮಾತ್ರ ಬರೆಯಬಹುದು. ಬೇರೆಯವರ ವರದಿಗೆ ಲೇಬಲ್ ಹಚ್ಚಲು, ಮುಚ್ಚಲು ತಂಡದವರು 'ಟ್ರಯಾಜ್' ಪಾತ್ರ ಕೊಡಬೇಕು. ಮೊಜಿಲ್ಲಾದಲ್ಲಿಯೂ ಅನುಮತಿ ಬೇಕು. ಉಬುಂಟು ಲಿನಕ್ಸಿನ ಲಾಂಚ್‌ಪ್ಯಾಡ್‌ನಲ್ಲಿ 'ಟ್ರಯಾಜ್ಡ್' ಎಂಬ ಸ್ಥಿತಿಯನ್ನು ಬಗ್ ಕಂಟ್ರೋಲ್ ತಂಡದವರೇ ಹಾಕಬೇಕು, 'ಇನ್‌ಕಂಪ್ಲೀಟ್' ಎಂದು ಗುರುತಿಸಿದ್ದಕ್ಕೆ 60 ದಿನ ಉತ್ತರ ಬಾರದಿದ್ದರೆ ಅದು ತಾನಾಗಿ ಕಾಲಾವಧಿ ಮೀರುತ್ತದೆ. ಡೆಬಿಯನ್ ಲಿನಕ್ಸಿನಲ್ಲಿ ಎಲ್ಲವೂ ಮಿಂಚಂಚೆಯಲ್ಲೇ ನಡೆಯುತ್ತದೆ. ಲಾಂಚ್‌ಪ್ಯಾಡಿನ ಒಂದನೇ ಸಂಖ್ಯೆಯ ಬಗ್ ಯಾವುದು ಗೊತ್ತೇ? ಮಾರುಕಟ್ಟೆಯ ಹೆಚ್ಚಿನ ಪಾಲು ಮೈಕ್ರೋಸಾಫ್ಟ್ ಬಳಿ ಇದೆ ಎಂಬುದು! ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್ 2004ರಲ್ಲಿ ಬರೆದಿದ್ದನ್ನು 2013ರಲ್ಲಿ ತಾವೇ ಮುಚ್ಚಿದರು.

ಕಂಪ್ಯೂಟರಿನ ಮುಂದೆ ಕೂರಲು ಇಷ್ಟವಿಲ್ಲದವರಿಗೆ ಬೀದಿಯಲ್ಲೇ ಮಾಡಬಹುದಾದ ಕೆಲಸವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಕಟ್ಟಿದ ಮುಕ್ತ ನಕ್ಷೆ. ಅದರಲ್ಲಿ ತಪ್ಪು ಕಂಡವರು ಖಾತೆಯಿಲ್ಲದೆಯೂ 'ನೋಟ್' ಅಂಟಿಸಬಹುದು: ಈ ಅಂಗಡಿ ಮುಚ್ಚಿದೆ, ಈ ರಸ್ತೆ ಈಗ ಏಕಮುಖ. ಅದು ನಿಜವೇ ಎಂದು ಸ್ಥಳದಲ್ಲಿ ನೋಡಿ, ನಕ್ಷೆ ತಿದ್ದಿ, ನೋಟ್ ಮುಚ್ಚುವವರು ಬೇಕು. ಶಿವಾಜಿನಗರ, ದಂಡು ನಿಲ್ದಾಣದ ಸುತ್ತ ನೆಲದಡಿಯ ಮೆಟ್ರೋ ಗುಲಾಬಿ ಮಾರ್ಗದ ಕಾಮಗಾರಿಗಾಗಿ ವರ್ಷಗಟ್ಟಲೆ ರಸ್ತೆಗಳನ್ನು ತಿರುಗಿಸಿದ್ದರಿಂದ ಅಲ್ಲಿನ ಹಳೆಯ ನೋಟುಗಳನ್ನು ಕಣ್ಣಾರೆ ನೋಡದೆ ನಂಬುವಂತಿಲ್ಲ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಜೋಡಿಕೊಂಡ ಮೇಲೆ ಆ ಕಡೆಯ ನಡೆದಾಟದ ದಾರಿಗಳೂ ಬದಲಾಗಿವೆ. ಕನ್ನಡ ಹೆಸರುಗಳ ಜಾಗದಲ್ಲಿ ಇಂಗ್ಲಿಷಿನಿಂದ ಯಂತ್ರವೇ ಮಾಡಿದ ಲಿಪ್ಯಂತರ ಕಂಡರೆ ಅಂಗಡಿ, ರಸ್ತೆಯ ಫಲಕ ನೋಡಿ ತಿದ್ದಿ. ಗೂಗಲ್ ನಕ್ಷೆ ನೋಡಿ ಮಾತ್ರ ನಕಲು ಮಾಡಬೇಡಿ, ಪರವಾನಗಿಯ ಪ್ರಕಾರ ಅದು ನಿಷಿದ್ಧ.

ಆಟೋ ಹಿಡಿಯುವಾಗಲೂ ಈ ಕೆಲಸ ಜೊತೆಗೇ ಇರುತ್ತದೆ. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಸಂಘದ ಜೊತೆಗೂಡಿ ಬಂದ ನಮ್ಮ ಯಾತ್ರಿ ಆ್ಯಪ್‌ನ ಕೋಡ್ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ಕನ್ನಡ ಪರದೆಯಲ್ಲಿ ಸಾಲು ಕತ್ತರಿಸಿ ಹೋದರೆ, ಚಾಲಕರಿಗೆ ಅರ್ಥವಾಗದ ಪದವಿದ್ದರೆ, ಫೋನಿನ ಮಾದರಿ ಮತ್ತು ಆ್ಯಪ್ ಆವೃತ್ತಿಯೊಂದಿಗೆ ಬರೆಯಿರಿ. ಪ್ರಯಾಣ ದರದ ಜಗಳವನ್ನು ಅಲ್ಲಿಗೆ ಒಯ್ಯಬೇಡಿ, ಅದಕ್ಕೆ ಆ್ಯಪ್ ಒಳಗೇ ಬೇರೆ ಜಾಗವಿದೆ.

ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಮಾತು ಒರಟಾಗಿಯೇ ಹೇಳಬೇಕು. 2020ರ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಮುಕ್ತ ತಂತ್ರಾಂಶ ಕೊಡುಗೆಯ ಅಭಿಯಾನದಲ್ಲಿ ಒಂದು ಟೀ ಶರ್ಟಿನ ಆಸೆಗೆ ಜನ ಅರ್ಥವಿಲ್ಲದ ತಿದ್ದುಪಡಿಗಳನ್ನು ಎಷ್ಟು ಸುರಿದರೆಂದರೆ, ನಡುವೆಯೇ ನಿಯಮ ಬದಲಿಸಿ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. ಈಗಿನ ಪಿಡುಗು ಎಐ ಬರೆದುಕೊಟ್ಟ ವರದಿಗಳದು. ಕರ್ಲ್ ಎಂಬ ಮುಕ್ತ ತಂತ್ರಾಂಶದ ಮೇಂಟೇನರ್ ಡೇನಿಯಲ್ ಸ್ಟೆನ್‌ಬರ್ಗ್ ಇದರ ಬಗ್ಗೆ 2024ರಿಂದಲೇ ಬಹಿರಂಗವಾಗಿ ಸಿಡಿಮಿಡಿಗೊಳ್ಳುತ್ತಿದ್ದಾರೆ: ನೋಡಲು ಅಚ್ಚುಕಟ್ಟು, ಒಳಗೆ ಇಲ್ಲದ ದೋಷ. ನಿಮ್ಮ ಯಂತ್ರದಲ್ಲಿ ನೀವೇ ಕಾಣದ ದೋಷದ ಬಗ್ಗೆ ಒಂದು ಸಾಲೂ ಬರೆಯಬೇಡಿ. ಇಂಗ್ಲಿಷ್ ತಿದ್ದಲು ಯಂತ್ರದ ಸಹಾಯ ಪಡೆಯಿರಿ, ಬೇಡ ಎನ್ನುವುದಿಲ್ಲ. ಸಾಕ್ಷಿ ಹೇಳಲು ಅದನ್ನು ಕಳಿಸಬೇಡಿ.

ಭದ್ರತೆಗೆ ಸಂಬಂಧಿಸಿದ ದೋಷ, ಅಂದರೆ ಇನ್ನೊಬ್ಬರ ಖಾತೆಗೋ ಕಡತಕ್ಕೋ ಕನ್ನ ಹಾಕಲು ದಾರಿಯಾಗುವಂಥದ್ದು ಕಂಡರೆ, ಎಲ್ಲರೂ ಓದುವ ಜಾಗದಲ್ಲಿ ಬರೆಯಬಾರದು. ಪ್ರತಿ ದೊಡ್ಡ ಯೋಜನೆಗೂ ಅದಕ್ಕೆಂದೇ ಖಾಸಗಿ ವಿಳಾಸವಿರುತ್ತದೆ. 2024ರ ಮಾರ್ಚ್‌ನಲ್ಲಿ ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾಗಿದ್ದನ್ನು ಬೆನ್ನಟ್ಟಿ, ಎಕ್ಸ್‌ಝಡ್ ತಂತ್ರಾಂಶದಲ್ಲಿ ಯಾರೋ ಬೇಕೆಂದೇ ಬಚ್ಚಿಟ್ಟ ಹಿಂಬಾಗಿಲನ್ನು ಕಂಡುಹಿಡಿದರು. ಅವರು ಮೊದಲು ತಿಳಿಸಿದ್ದು ಡೆಬಿಯನ್‌ನ ಭದ್ರತಾ ತಂಡಕ್ಕೆ, ಬಹಿರಂಗಪಡಿಸಿದ್ದು ಆಮೇಲೆ, ಮಾರ್ಚ್ 29ರಂದು.

ಕೆಲಸದಲ್ಲಿರುವವರು ನೇಮಕಾತಿ ಕರಾರನ್ನೊಮ್ಮೆ ಓದಿಕೊಳ್ಳಿ. ಬಿಡುವಿನ ವೇಳೆಯಲ್ಲಿ ಬರೆದ ಕೋಡೂ ಕಂಪನಿಗೇ ಸೇರುತ್ತದೆ ಎಂಬ ಷರತ್ತು ಕೆಲವು ಕರಾರುಗಳಲ್ಲಿರುತ್ತದೆ. ವರದಿ ಹಸನು ಮಾಡುವುದರಲ್ಲಿ ಕೋಡ್ ಇಲ್ಲದಿದ್ದರೂ ಎಚ್‌ಆರ್‌ನಿಂದ ಒಂದು ಸಾಲಿನ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಕಚೇರಿಯ ಲ್ಯಾಪ್‌ಟಾಪ್ ಬಳಸಬೇಡಿ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಯಂತ್ರ, ಶಿವಾಜಿನಗರದಲ್ಲಿ ಅಗ್ಗಕ್ಕೆ ಸಿಗುವ ಸೆಕೆಂಡ್‌ಹ್ಯಾಂಡ್ ಫೋನು ಇದಕ್ಕೆ ಹೆಚ್ಚು ಲಾಯಕ್ಕು, ಏಕೆಂದರೆ ಕಡಿಮೆ ಮೆಮೊರಿಯ ಯಂತ್ರದಲ್ಲಿ ಮಾತ್ರ ಕಾಣುವ ದೋಷಗಳು ಡೆವಲಪರುಗಳ ದುಬಾರಿ ಯಂತ್ರಗಳಲ್ಲಿ ಕಾಣುವುದೇ ಇಲ್ಲ.

ಕೆಲಸ ಹುಡುಕುವವರು ರೆಸ್ಯೂಮೆಯಲ್ಲಿ 'ಮುಕ್ತ ತಂತ್ರಾಂಶದಲ್ಲಿ ಆಸಕ್ತಿ' ಎಂದು ಬರೆಯುವ ಬದಲು ತಾವು ಖಾತ್ರಿ ಮಾಡಿದ, ತಿದ್ದುಪಡಿಯ ತನಕ ಮುಟ್ಟಿಸಿದ ಮೂರ್ನಾಲ್ಕು ವರದಿಗಳ ಸಂಖ್ಯೆ ಕೊಡಲಿ. ಸಂದರ್ಶನ ಮಾಡುವವರು ಅವನ್ನು ತೆರೆದರೆ ನಿಮ್ಮ ಟಿಪ್ಪಣಿ, ಅದಕ್ಕೆ ಮೇಂಟೇನರ್ ಕೇಳಿದ ಪ್ರಶ್ನೆ, ನೀವು ಮರುದಿನ ಕೊಟ್ಟ ಉತ್ತರ ಎಲ್ಲವೂ ತಾರೀಖಿನ ಸಮೇತ ಅಲ್ಲೇ ಇರುತ್ತದೆ.